ಶಾಸನೋಕ್ತ ಖಂಡುಗ–ಕೊಳಗಗಳ ಮೆಟ್ರಿಕ್ ಪರಿವರ್ತನೆ: ಕೆಲವು ಎಚ್ಚರಿಕೆಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6 ಮತ್ತು 7ನೆಯ ಸಂಪುಟಗಳಲ್ಲಿ ಸಂಕಲಿತವಾಗಿವೆ. ದತ್ತಿಶಾಸನಗಳ ಅಧ್ಯಯನದಲ್ಲಿ ಸಲಗೆ, ಖಂಡುಗ, ಕೊಳಗ, ಬಳ್ಳ, ಮಾನ, ಸೊಲ್ಲಗೆ ಎಂಬ ಅಳತೆಗಳು ಪದೇ ಪದೇ ಎದುರಾಗುತ್ತವೆ. ಇವನ್ನು ಲೀಟರಿಗೆ ಪರಿವರ್ತಿಸುವ ಮುನ್ನ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಅನುಪಾತ ಮತ್ತು ಗಾತ್ರಗಳ ವ್ಯತ್ಯಾಸ. 20 ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಪ್ರಸಿದ್ಧವಾದುದು; ಆದರೆ ಕೊಳಗದ ಗಾತ್ರ ಎಲ್ಲೆಡೆ ಒಂದೇ ಆಗಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸ್ಥಳೀಯ ಅಳತೆಗಳನ್ನು ಊರೂರಿಗೆ ಬೇರೆಬೇರೆಯಾಗಿಯೇ ದಾಖಲಿಸಬೇಕಾಯಿತು. ಉದಾಹರಣೆಗೆ, 5 ಖಂಡುಗ 8 ಕೊಳಗವೆಂದರೆ 108 ಕೊಳಗ. ಕೊಳಗಕ್ಕೆ 8 ಸೇರೆಂದು ಎಣಿಸಿದರೆ 864 ಸೇರು. 16 ಸೇರೆಂದರೆ 1728 ಸೇರು. ಒಂದೇ ದತ್ತಿಯ ಪ್ರಮಾಣ ಇಮ್ಮಡಿಯಾಗುತ್ತದೆ.

ಎರಡನೆಯದು, ಬೀಜವರಿಯ ಲೆಕ್ಕ. 'ಖಂಡುಗ ಗದ್ದೆ' ಎಂದಲ್ಲಿ ಖಂಡುಗವು ಧಾನ್ಯದ ರಾಶಿಯಲ್ಲ. ಅಷ್ಟು ಬೀಜ ಬಿತ್ತಬಹುದಾದ ಭೂಮಿ. ಅದನ್ನು ಲೀಟರಿಗೆ ಇಳಿಸಿದರೆ ಭೂದಾನವು ಧಾನ್ಯದಾನವಾಗಿಬಿಡುತ್ತದೆ. ಪ್ರಾಚೀನ ಹೀಬ್ರೂ ಅಳತೆಗಳಲ್ಲಿಯೂ ಇದೇ ತೊಡಕುಂಟು. ಬೈಬಲಿನ ಯಾಜಕಕಾಂಡದ 27ನೆಯ ಅಧ್ಯಾಯವು ಹೊಲದ ಬೆಲೆಯನ್ನು ಬಿತ್ತುವ ಜವೆಗೋದಿಯ 'ಹೋಮೆರ್' ಲೆಕ್ಕದಲ್ಲಿ ಕಟ್ಟುತ್ತದೆ. ಹತ್ತು 'ಬತ್'ಗೆ ಒಂದು ಹೋಮೆರ್ ಎಂಬ ಅನುಪಾತ ಖಚಿತವಾಗಿದ್ದರೂ, ಬತ್‌ನ ಗಾತ್ರವನ್ನು ವಿದ್ವಾಂಸರು ಸುಮಾರು 22 ಲೀಟರಿನಿಂದ 40 ಲೀಟರಿನವರೆಗೆ ಬೇರೆಬೇರೆಯಾಗಿ ಅಂದಾಜಿಸಿದ್ದಾರೆ.

ಮೂರನೆಯದು, ಗಾತ್ರ ಮತ್ತು ತೂಕಗಳ ಗೊಂದಲ. ಒಂದು ಲೀಟರ್ ಭತ್ತ ಸುಮಾರು 0.6 ಕಿಲೋಗ್ರಾಂ ತೂಗಿದರೆ, ಅಷ್ಟೇ ಅಕ್ಕಿ ಸುಮಾರು 0.8 ಕಿಲೋಗ್ರಾಂ ತೂಗುತ್ತದೆ. ಅಳತೆಯ ಪಾತ್ರೆಯನ್ನು ಬಾಯಿಮಟ್ಟಕ್ಕೆ ಒರೆಸಿದರೋ ರಾಶಿಯಾಗಿ ತುಂಬಿದರೋ ಎಂಬುದರಿಂದಲೂ ಮೊತ್ತ ಬದಲಾಗುತ್ತದೆ. 1956ರ ತೂಕ ಮತ್ತು ಅಳತೆಗಳ ಕಾಯಿದೆಯು ದೇಶಕ್ಕೆಲ್ಲ ಒಂದೇ ಮಾನವನ್ನು ವಿಧಿಸಿತು. ಆ ಏಕರೂಪತೆಯನ್ನು ಹೊಯ್ಸಳ ಕಾಲಕ್ಕೆ ಆರೋಪಿಸಲಾಗದು.

ಆದುದರಿಂದ ಸಂಶೋಧಕರು ಮೊದಲು ಶಾಸನದ ಮೂಲ ಅಳತೆಯನ್ನೇ ಉಳಿಸಿಕೊಳ್ಳಬೇಕು; ಅದು ನೆಲದ್ದೋ ಧಾನ್ಯದ್ದೋ ಎಂಬುದನ್ನು ನಿರ್ಣಯಿಸಬೇಕು; ಧಾನ್ಯದ್ದಾದರೆ ಕೊಳಗಕ್ಕೆ ಇಳಿಸಬೇಕು. ಅನಂತರ ಲೀಟರಿನ ಲೆಕ್ಕವನ್ನು, ಆಧಾರವಾಗಿಟ್ಟುಕೊಂಡ ಕೊಳಗದ ಗಾತ್ರವನ್ನು ಹೇಳಿ, ಕನಿಷ್ಠ–ಗರಿಷ್ಠ ಮಿತಿಗಳೊಡನೆ ಕೊಡಬೇಕು. ಒಂದೇ ಶಾಸನದೊಳಗಿನ ದತ್ತಿಗಳನ್ನು ಪರಸ್ಪರ ಹೋಲಿಸುವುದಕ್ಕಂತೂ ಮೂಲ ಅನುಪಾತವೇ ಸಾಕು. ಎರಡು ಊರುಗಳ ದತ್ತಿಗಳನ್ನು ಹೋಲಿಸುವಾಗ ಮಾತ್ರ ಎರಡೂ ಕಡೆಯ ಕೊಳಗಗಳು ಸಮಾನವೆಂಬುದಕ್ಕೆ ಆಧಾರ ಒದಗಿಸಬೇಕು.