ಅಮೆರಿಕದ ಬೊಕ್ಕಸವೂ ಸರಕಾರದ ಗಾತ್ರವೂ

ಸರಕಾರವು ಎಷ್ಟು ದೊಡ್ಡದಾಗಿರಬೇಕೆಂಬ ವಾದವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆ ರಾಷ್ಟ್ರದಷ್ಟೇ ಹಳೆಯದು. ಹ್ಯಾಮಿಲ್ಟನ್ ಮತ್ತು ಜೆಫರ್ಸನ್‌ರ ಕಾಲದಿಂದಲೂ ನಡೆದುಬಂದಿದೆ. ಆದರೆ 1929ರ ತನಕ, ಯುದ್ಧಕಾಲವನ್ನು ಬಿಟ್ಟರೆ, ಅಲ್ಲಿನ ಒಕ್ಕೂಟ ಸರಕಾರದ ವೆಚ್ಚವು ರಾಷ್ಟ್ರೀಯ ಉತ್ಪನ್ನದಲ್ಲಿ ಅತ್ಯಲ್ಪ ಪಾಲಾಗಿತ್ತು. 2024ರಲ್ಲಿ ಅದು ಸುಮಾರು ಶೇಕಡ 23ನ್ನು ಮುಟ್ಟಿತ್ತು.

ಈ ಬೆಳವಣಿಗೆಗೆ ಅಧಿಕಾರಿಗಳ ದಂಡೇ ಕಾರಣವೆಂದು ಜನಸಾಮಾನ್ಯರು ಭಾವಿಸುವುದು ಸಹಜ. ವಸ್ತುಸ್ಥಿತಿ ಬೇರೆ. ಸೈನಿಕರನ್ನೂ ಅಂಚೆಯವರನ್ನೂ ಬಿಟ್ಟರೆ 1960ರ ದಶಕದ ಕೊನೆಯಲ್ಲಿ ಒಕ್ಕೂಟದ ನೌಕರರು ಸುಮಾರು 23 ಲಕ್ಷವಿದ್ದರು. 2024ರಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಈ ಅವಧಿಯಲ್ಲಿ ಜನಸಂಖ್ಯೆಯೋ 20 ಕೋಟಿಯಿಂದ 34 ಕೋಟಿಗೆ ಏರಿತು. ನೌಕರರ ವೇತನ ಭತ್ಯಗಳು ಒಟ್ಟು ವೆಚ್ಚದ ಇಪ್ಪತ್ತನೆಯ ಒಂದು ಪಾಲಿಗೂ ಕಡಿಮೆ.

ಹಾಗಾದರೆ ಹಣ ಹೋಗುವುದೆಲ್ಲಿಗೆ? ರೂಸ್ವೆಲ್ಟರು 1935ರಲ್ಲಿ ತಂದ ಸಾಮಾಜಿಕ ಭದ್ರತಾ ಶಾಸನದಿಂದ ವೃದ್ಧರಿಗೆ ಮಾಸಾಶನ ದೊರೆಯುತ್ತದೆ. ಜಾನ್ಸನ್ನರು 1965ರಲ್ಲಿ ಆರಂಭಿಸಿದ ಮೆಡಿಕೇರ್ ವೃದ್ಧರ, ಮೆಡಿಕೇಡ್ ಬಡವರ ಚಿಕಿತ್ಸೆಗೆ ಮೀಸಲು. 2024ರ ಸೆಪ್ಟೆಂಬರಿನಲ್ಲಿ ಮುಗಿದ ಆರ್ಥಿಕ ವರ್ಷದಲ್ಲಿ ಒಟ್ಟು ವೆಚ್ಚ ಸುಮಾರು 6.75 ಲಕ್ಷ ಕೋಟಿ ಡಾಲರು, ಆದಾಯ 4.92 ಲಕ್ಷ ಕೋಟಿ. ಮಾಸಾಶನಕ್ಕೆಂದೇ ಸುಮಾರು ಒಂದೂವರೆ ಲಕ್ಷ ಕೋಟಿ ಸಂದಿತು. ಸಾಲದ ಮೇಲಿನ ನಿವ್ವಳ ಬಡ್ಡಿ ಆ ವರ್ಷ ರಕ್ಷಣಾ ವೆಚ್ಚವನ್ನೂ ಮೀರಿತು. ಸಂಸ್ಥೆಗಳ ಜಮಾಖರ್ಚು ನೋಡಿದ ಹಿರಿಯರು ಬಲ್ಲಂತೆ, ಸಂಬಳದ ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಡ್ಡಿಯ ಬಾಬು ಮೂಲೆಯಲ್ಲಿರುತ್ತದೆ.

ಸರಕಾರವೇ ಸಮಸ್ಯೆಯೆಂದು 1981ರಲ್ಲಿ ಸಾರಿದ ರೇಗನ್ನರ ಎಂಟು ವರ್ಷಗಳಲ್ಲಿ ರಾಷ್ಟ್ರೀಯ ಸಾಲ ಸುಮಾರು ಮೂರು ಪಟ್ಟಾಯಿತು: ತೆರಿಗೆ ಇಳಿಯಿತು, ರಕ್ಷಣಾ ವೆಚ್ಚ ಏರಿತು, ಮಾಸಾಶನ ನಿಲ್ಲಲಿಲ್ಲ. 2025ರ ಜನವರಿಯಲ್ಲಿ ದಕ್ಷತೆಯ ಹೆಸರಿನಲ್ಲಿ ಹೊಸ ವಿಭಾಗವನ್ನೇ ತೆರೆದು ಸಹಸ್ರಾರು ನೌಕರರನ್ನು ಕೆಲಸದಿಂದ ಬಿಡಿಸಲಾಯಿತು. ಆದರೂ ಆ ಆರ್ಥಿಕ ವರ್ಷದ ವೆಚ್ಚ 7 ಲಕ್ಷ ಕೋಟಿ ಡಾಲರು ದಾಟಿತು. ಕಣ್ಣಿಗೆ ಕಾಣುವ ಕೊಂಬೆಯನ್ನು ಕಡಿದದ್ದಾಯಿತೇ ಹೊರತು ಭಾರವಿದ್ದುದು ಅಲ್ಲಿರಲಿಲ್ಲ.

ನಿಜವಾದ ಪ್ರಶ್ನೆಯನ್ನು ಆ ದೇಶ ಒಮ್ಮೆ ಎದುರಿಸಿದೆ. ಮಾಸಾಶನ ನಿಧಿ ಬರಿದಾಗುವ ಭೀತಿ ತಲೆದೋರಿದಾಗ 1983ರಲ್ಲಿ ಎರಡು ಪಕ್ಷಗಳೂ ಕೂಡಿ, ಪೂರ್ಣ ಮಾಸಾಶನದ ವಯಸ್ಸನ್ನು 65ರಿಂದ 67ಕ್ಕೆ ಮೆಲ್ಲಮೆಲ್ಲನೆ ಏರಿಸುವ ಶಾಸನ ಮಾಡಿದವು. ಅದು ಯಾರಿಗೂ ಪ್ರಿಯವಾದ ಕ್ರಮವಾಗಿರಲಿಲ್ಲ. ಆದರೆ ಲೆಕ್ಕಕ್ಕೆ ಸರಿಯಾಗಿತ್ತು. 1960ರಲ್ಲಿ ಒಬ್ಬ ಫಲಾನುಭವಿಗೆ ದುಡಿದು ತೆರಿಗೆ ಕೊಡುವವರು ಐವರಿದ್ದರು. ಈಗ ಮೂವರಿಗಿಂತ ಕಡಿಮೆ. ವೃದ್ಧಾಪ್ಯ ಮಾಸಾಶನದ ನಿಧಿಯು 2033ರಲ್ಲಿ ತೀರುವುದೆಂದು ಅದರ ವಿಶ್ವಸ್ಥರು 2025ರ ವರದಿಯಲ್ಲಿ ಅಂದಾಜು ಮಾಡಿದ್ದಾರೆ. ಶಾಸನ ಬದಲಾಗದಿದ್ದರೆ, ಆ ಬಳಿಕ ವೃದ್ಧರ ಕೈಸೇರುವುದು ಗೊತ್ತಾದ ಮೊತ್ತದ ಮುಕ್ಕಾಲು ಪಾಲು ಮಾತ್ರ.