ಗದ್ದ ಎತ್ತಿ ಅನ್ನದ ಫೋಟೋಗ್ರಾಫರ್: ನಮ್ಮ ಮೈಸೂರಿನ ಟಿ.ಎಸ್. ಸತ್ಯನ್

ಮೈಸೂರು: ಯಾವ ಸ್ಟುಡಿಯೋಗೆ ಹೋದ್ರೂ ಮೊದಲು ಕೇಳಿಸೋದು, ‘ಗದ್ದ ಸ್ವಲ್ಪ ಮೇಲೆ, ಇಲ್ಲಿ ನೋಡಿ’. ಆಮೇಲೆ ಬರೋ ಫೋಟೋದಲ್ಲಿ ನಾವೇ ನಮಗೆ ಅಪರಿಚಿತರು! ಟಿ.ಎಸ್. ಸತ್ಯನ್ ತೆಗೆದ ಚಿತ್ರಗಳಲ್ಲಿ ಹಾಗೆ ಬಿಗಿದುಕೊಂಡ ಮುಖ ಕಡಿಮೆ. ಯಾಕೆ ಅಂತ ತಿಳಿಯೋಣ.

ಸತ್ಯನ್ ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲೇ. ಓದಿದ್ದು ಮಹಾರಾಜ ಕಾಲೇಜಿನಲ್ಲಿ. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದರು, ಆಮೇಲೆ ಇಲ್ಲಸ್ಟ್ರೇಟೆಡ್ ವೀಕ್ಲಿ. ಮುಂದೆ ಸ್ವತಂತ್ರವಾಗಿ ದುಡಿದು ಯುನಿಸೆಫ್‌ಗೂ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. 2009ರ ಡಿಸೆಂಬರ್‌ನಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಅವರ ಶೈಲಿ ಅರ್ಥ ಆಗಬೇಕಾದ್ರೆ ಆ ಕಾಲದ ಕ್ಯಾಮೆರಾ ನೆನಪಿರಬೇಕು. ಒಂದು ರೋಲಿಗೆ 12 ಇಲ್ಲವೇ 36 ಫ್ರೇಮು ಅಷ್ಟೇ. ತೆಗೆದದ್ದು ಹೇಗೆ ಬಂತು ಅಂತ ನೋಡೋಕೆ ಸ್ಕ್ರೀನ್ ಇರ್ಲಿಲ್ಲ, ಡಾರ್ಕ್‌ರೂಮಿನಲ್ಲಿ ತೊಳೆದ ಮೇಲೇ ಗೊತ್ತಾಗೋದು. ಹಾಗಾಗಿ ಬಟನ್ ಒತ್ತೋ ಮುಂಚೆ ಕಾಯಬೇಕಿತ್ತು. ಎದುರಿಗಿರೋರು ಕ್ಯಾಮೆರಾ ಇದೆ ಅನ್ನೋದನ್ನೇ ಮರೆಯೋ ತನಕ ಕಾದರೆ ಮುಖ ತಾನಾಗೇ ಸಡಿಲ ಆಗುತ್ತೆ. ಫ್ಲ್ಯಾಷ್ ಎದುರಿನಿಂದ ಹೊಡೆದ್ರೆ ಮೂಗು, ಕೆನ್ನೆ ಎಲ್ಲಾ ಒಂದೇ ಸಮ ಕಾಣುತ್ತೆ. ಕಿಟಕಿ ಬೆಳಕು ಪಕ್ಕದಿಂದ ಬಿದ್ರೆ ಮುಖದ ಗೆರೆಗಳು ಎದ್ದು ಕಾಣ್ತವೆ. ಇನ್ನು ಹಿನ್ನೆಲೆ. ಪರದೆ ಬದಲು ಆ ವ್ಯಕ್ತಿ ಓಡಾಡೋ ಜಾಗವೇ ಇದ್ರೆ ಪರಿಚಯ ಬೇರೆ ಬೇಕಿಲ್ಲ.

ಸಾಹಿತಿ ಆರ್.ಕೆ. ನಾರಾಯಣ್ ಸತ್ಯನ್ ಅವರ ಗೆಳೆಯರು. ಯಾದವಗಿರಿಯ ಅವರ ಮನೆ ಈಗ ಮ್ಯೂಸಿಯಂ. ಸತ್ಯನ್ ತೆಗೆದ ನಾರಾಯಣ್ ಚಿತ್ರಗಳಲ್ಲಿ ಕಾಣೋದು ನಮ್ಮ ಬೀದಿಯ ಹಿರಿಯರೊಬ್ಬರು. ಮಕ್ಕಳು, ಕೂಲಿಯವರ ಮೇಲೂ ಸತ್ಯನ್ ಅದೇ ಗಮನ ಕೊಟ್ಟರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ನನ್ನ ಕೇಳಿದ್ರೆ, ಮಕ್ಕಳ ಹತ್ರ ಕಾಯೋದು ಕಲಿತೋರಿಗೆ ಮಂತ್ರಿ ಮುಖ ಏನು ಕಷ್ಟ?

ಸತ್ಯನ್ ಚಿತ್ರಗಳು ಪತ್ರಿಕೆ, ಪುಸ್ತಕದಲ್ಲಿ ಉಳಿದವು. ನಮ್ಮ ತಾತ, ಅಜ್ಜಿಯ ಫೋಟೋ ಮಾತ್ರ ಊರಿನ ಹಳೇ ಸ್ಟುಡಿಯೋದ ಡಬ್ಬದಲ್ಲೇ ಇರಬಹುದು. ಅಂಗಡಿ ಖಾಲಿ ಮಾಡುವಾಗ ನೆಗೆಟಿವ್ ಗುಜರಿಗೆ ಹಾಕ್ಬೇಡಿ. ತೇವ, ಬಿಸಿಲು ತಾಗದ ಕಡೆ ಇಡಿ. ಡಬ್ಬ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದ್ರೆ ಫಿಲ್ಮ್ ಕೆಡ್ತಾ ಇದೆ ಅಂತ ಅರ್ಥ. ಅದನ್ನು ಬೇರೆ ಎತ್ತಿಟ್ಟು, ಮೊದಲು ಸ್ಕ್ಯಾನ್ ಮಾಡಿಸಿ.