ದಾರ ಹಿಡಿದ ಪುಸ್ತಕ

ಪುಸ್ತಕ ಕೊಳ್ಳುವವರು ಮುಖಪುಟ ನೋಡುತ್ತಾರೆ, ಬೆಲೆ ನೋಡುತ್ತಾರೆ. ಬೈಂಡಿಂಗ್ ಬಲ್ಲವರು ಮೊದಲು ನೋಡುವುದು ಬೆನ್ನಿನ ಮೇಲ್ತುದಿಯನ್ನು. ಅಲ್ಲಿ ಮಡಿಕೆಗಳ ಸಾಲು ಕಂಡು, ನಡುವೆ ಬಿಡಿಸಿದಾಗ ದಾರವೂ ಕಂಡರೆ ಅದು ಹೊಲಿದ ಪುಸ್ತಕ. ಬಿಡಿ ಹಾಳೆಗಳ ಬುಡ ಅಂಟಿನಲ್ಲಿ ಹೂತಿದ್ದರೆ ಪರ್ಫೆಕ್ಟ್ ಬೈಂಡಿಂಗ್. ಪರ್ಫೆಕ್ಟ್ ಎಂಬುದು ಹೆಸರಿಗಷ್ಟೇ.

ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ 16 ಪುಟ. ಪ್ರಕಾಶಕರು ಖರ್ಚಿನ ಲೆಕ್ಕ ಹಾಕುವ 'ಫಾರಂ' ಇದೇ. ಫಾರಂಗಳನ್ನು ಕ್ರಮವಾಗಿ ಜೋಡಿಸಿ, ಪ್ರೆಸ್ಸಿನಲ್ಲಿ ಬಿಗಿದು, ಬೆನ್ನಿಗೆ ಗರಗಸದಿಂದ ಸಣ್ಣ ಗೀರು ಹಾಕುತ್ತಾರೆ. ತುದಿಯ ಗೀರಿನಿಂದ ಮಡಿಕೆಯೊಳಕ್ಕೆ ಹೊಕ್ಕ ಸೂಜಿ ಮುಂದಿನ ಗೀರಿನಲ್ಲಿ ಹೊರಬಂದು, ಅಲ್ಲಿ ನಿಂತ ಹುರಿಯನ್ನು ಬಳಸಿ ಮತ್ತೆ ಒಳಹೋಗುತ್ತದೆ. ಆಚೆ ತುದಿಯಲ್ಲಿ ಕೆಳಗಿನ ಫಾರಂನ ಹೊಲಿಗೆಗೆ ಗಂಟು. ದಾರ ಸಡಿಲವಾದರೆ ಪುಸ್ತಕ ವಾಲುತ್ತದೆ, ತೀರ ಬಿಗಿದರೆ ಕಾಗದ ಹರಿಯುತ್ತದೆ. ಈ ಹದ ಕೈಗೆ ಹತ್ತುವುದೇ ಕಷ್ಟ. ಚಿನ್ನದ ಅಕ್ಷರ, ತೊಗಲಿನ ಹೊದಿಕೆಗಳೆಲ್ಲ ಆಮೇಲಿನ ಶೋಕಿ.

ದಾರ ಸೇರಿದಷ್ಟೂ ಬೆನ್ನು ಉಬ್ಬುತ್ತದೆ. ಆದ್ದರಿಂದಲೇ ಅಂಟು ಸವರಿ, ಅದು ಪೂರ್ತಿ ಒಣಗುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬೆನ್ನನ್ನು ಗುಂಡಾಗಿಸುವುದು. ಬಳಿಕ ಜಾಳು ಬಟ್ಟೆ, ರಟ್ಟು, ಕ್ಯಾಲಿಕೊ. ಮೈದಾ ಅಂಟು ಕಾಯಿಸುವಾಗ ಚೂರು ಮೈಲುತುತ್ತ ಬೆರೆಸುತ್ತಾರೆ, ಇಲ್ಲದಿದ್ದರೆ ಹುಳುಗಳಿಗೆ ಹಬ್ಬ. ಕಾಗದಕ್ಕೂ ರಟ್ಟಿಗೂ ಎಳೆಯ ದಿಕ್ಕಿರುತ್ತದೆ. ಅದು ಬೆನ್ನಿನುದ್ದಕ್ಕೆ ಓಡಬೇಕು. ಅಡ್ಡ ಬಿದ್ದರೆ ಪುಸ್ತಕ ಸಲೀಸಾಗಿ ತೆರೆಯುವುದಿಲ್ಲ.

ನಮ್ಮ ಓಲೆಗರಿಗೆ ಈ ರಗಳೆಯಿರಲಿಲ್ಲ. ಗರಿ ಮಡಿಸಿದರೆ ಸೀಳುತ್ತದೆ, ಹಾಗಾಗಿ ತೂತು ಕೊರೆದು, ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಯಿಟ್ಟು ಕಟ್ಟಿದರು. ಕಾಗದವನ್ನು ಮಡಿಸಿ ಹೊಲಿದದ್ದು ಬೇರೆ ದಾರಿ. ಚರ್ಮದ ಹಾಳೆಗೂ ಅದೇ ಒಗ್ಗಿತು. ಇಂಗ್ಲೆಂಡಿನ ಸಂತ ಕತ್‌ಬರ್ಟ್ ಸುವಾರ್ತೆ 8ನೇ ಶತಮಾನದ ಆರಂಭದ್ದು. 1104ರಲ್ಲಿ ಸಂತನ ಶವಪೆಟ್ಟಿಗೆಯಲ್ಲಿ ಸಿಕ್ಕ ಅದು ಇಂದಿಗೂ ಮೂಲ ಬೈಂಡಿಂಗ್‌ನಲ್ಲೇ ಇದೆ. 2012ರಲ್ಲಿ ಬ್ರಿಟಿಷ್ ಲೈಬ್ರರಿ ಅದಕ್ಕೆ ಕೊಟ್ಟದ್ದು 90 ಲಕ್ಷ ಪೌಂಡ್. ವಿಜ್ಞಾನಿ ಮೈಕಲ್ ಫ್ಯಾರಡೆಯೂ ಹುಡುಗನಾಗಿದ್ದಾಗ ಲಂಡನ್ನಿನ ಬೈಂಡರ್ ಒಬ್ಬರ ಬಳಿ ಕೆಲಸ ಕಲಿತವರು. ಕಟ್ಟಲು ಬಂದ ಪುಸ್ತಕಗಳೇ ಅವರ ಪಾಠಶಾಲೆ.

ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಬೆನ್ನಿನ ಮಡಿಕೆಗಳನ್ನೇ ಕತ್ತರಿಸಿ, ಬುಡವನ್ನು ತರಿ ಮಾಡಿ, ಬಿಸಿ ಅಂಟು ಹಚ್ಚುತ್ತಾರೆ. ಒಮ್ಮೆ ಓದುವ ಕಾದಂಬರಿಗೆ ಸಾಕು, ನಿಘಂಟಿಗೆ ಸಲ್ಲದು. ಹಾಳೆ ಉದುರತೊಡಗಿದ ಮೇಲೆ ಬೈಂಡರ್ ಬಳಿ ಒಯ್ದರೆ ಹೊಲಿಯಲು ಮಡಿಕೆಯೇ ಇರುವುದಿಲ್ಲ. ಪಕ್ಕದಿಂದ ತೂತು ಹಾಕಿ ಹೊಲಿಯಬೇಕು. ಒಳ ಅಂಚು ಕಿರಿದಾಗಿದ್ದರೆ ಸಾಲಿನ ಮೊದಲ ಅಕ್ಷರಗಳೂ ಹೊಲಿಗೆಯೊಳಗೆ ಸೇರಿಹೋಗುತ್ತವೆ.